ತಾಯಿಚಿಟ್ಟೆಯಿಂದ ಗರ್ಭಾಶಯದ ಒಳಪೊರೆಗೆ: ಸೂಕ್ಷ್ಮಜೀವಿ ಶೋಧನವಿಧಾನಗಳ ಚಾರಿತ್ರಿಕ ಸಮೀಕ್ಷೆ

ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯು ಹಿಪ್ಪುನೇರಳೆಯ ಸೀಮೆ. ಇಲ್ಲಿಯ ರೈತನು ಚಾಕಿ ಸಾಕಣೆಗೆಂದು ತರುವ ಮೊಟ್ಟೆಯ ಹಾಳೆಯು ಬಿತ್ತನೆಕೋಠಿಯಿಂದ ಹೊರಡುವ ಮೊದಲು ಒಂದು ಪರೀಕ್ಷೆಯನ್ನು ದಾಟಿ ಬಂದಿರುತ್ತದೆ. ಪರೀಕ್ಷೆ ನಡೆಯುವುದು ಮೊಟ್ಟೆಗಲ್ಲ, ಮೊಟ್ಟೆಯಿಟ್ಟ ತಾಯಿಗೆ. ಮೂಲಬಿತ್ತನೆಯಾದರೆ ಒಂದೊಂದು ತಾಯಿಚಿಟ್ಟೆಯನ್ನೂ, ವಾಣಿಜ್ಯ ಬಿತ್ತನೆಯಾದರೆ ಮಾದರಿಯಾಗಿ ಆಯ್ದ ಚಿಟ್ಟೆಗಳನ್ನೂ ದುರ್ಬಲವಾದ ಕ್ಷಾರದ ದ್ರಾವಣದೊಡನೆ ಅರೆದು, ಅದರ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಅದು ಗಂಟುರೋಗ. ಪೆಬ್ರಿನ್ ಎಂದೂ ಇದನ್ನು ಕರೆಯುತ್ತಾರೆ. ಆಗ ಆ ಮೊಟ್ಟೆಗಳನ್ನು ಸುಟ್ಟುಬಿಡಬೇಕು. ಕಾಣದಿದ್ದರೆ ರೋಗರಹಿತ ಮೊಟ್ಟೆಗಳೆಂಬ ಹೆಸರಿನಿಂದ ಅವು ರೈತನ ಮನೆಯನ್ನು ಸೇರುತ್ತವೆ.

ಗರ್ಭಾಶಯದ ಒಳಪೊರೆಯಲ್ಲಿ ಸೂಕ್ಷ್ಮಜೀವಿಗಳನ್ನು ಅರಸುವ ವಿಧಾನಗಳ ಚರಿತ್ರೆಯನ್ನು ಹೇಳಹೊರಟ ಲೇಖನವು ರೇಷ್ಮೆಯ ಚಿಟ್ಟೆಯಿಂದ ಮೊದಲಾಗುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಎರಡರ ಮೂಲಪ್ರಶ್ನೆಯೂ ಒಂದೇ: ತಾಯಿಯ ಒಡಲಿನಲ್ಲಿ ಕಾಣದ ಜೀವಿಯೊಂದು ಇದೆಯೆ, ಇದ್ದರೆ ಅದು ಮುಂದಿನ ಪೀಳಿಗೆಗೆ ಏನು ಮಾಡುತ್ತದೆ? ಈ ಎರಡು ಕ್ಷೇತ್ರಗಳಲ್ಲಿಯೂ ಕೆಲಸ ಮಾಡಿದವನು ಒಬ್ಬನೇ ಎಂಬುದು ಇನ್ನೊಂದು ಸ್ವಾರಸ್ಯ. 1865ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದ ಅಲೆಸ್ ಪಟ್ಟಣಕ್ಕೆ ಲೂಯಿ ಪಾಶ್ಚರನು ಬಂದಾಗ, ರೇಷ್ಮೆಹುಳುವಿನ ವಿಷಯದಲ್ಲಿ ಅವನಿಗೆ ಯಾವ ಪೂರ್ವಾನುಭವವೂ ಇರಲಿಲ್ಲ. ಗಂಟುರೋಗದ ಕಣಗಳನ್ನು ಇತರರು ಅದಕ್ಕೆ ಮೊದಲೇ ಕಂಡಿದ್ದರು. 1857ರಲ್ಲಿ ನೇಗೆಲಿ ಅದಕ್ಕೆ ನೋಸೆಮ ಬಾಂಬಿಸಿಸ್ ಎಂದು ಹೆಸರನ್ನೂ ಇಟ್ಟಿದ್ದನು. ಪಾಶ್ಚರನ ಹೆಗ್ಗಳಿಕೆ ಅದನ್ನು ಕಂಡುದರಲ್ಲಿಲ್ಲ, ಅದನ್ನು ಹುಡುಕುವ ಕ್ರಮವನ್ನು ಕಟ್ಟಿದುದರಲ್ಲಿದೆ. ಒಂದು ಜೋಡಿಯ ಮೊಟ್ಟೆಗಳನ್ನು ಇನ್ನೊಂದು ಜೋಡಿಯ ಮೊಟ್ಟೆಗಳೊಡನೆ ಬೆರೆಸದೆ ಪ್ರತ್ಯೇಕವಾಗಿಡಿಸಿ, ಆಮೇಲೆ ತಾಯಿಯನ್ನು ಅರೆದು ನೋಡಿ, ಆ ತಾಯಿಯ ಮೊಟ್ಟೆಗಳ ಗತಿಯನ್ನು ನಿರ್ಧರಿಸುವ ಈ ಕ್ರಮವನ್ನು ಅವನು 1870ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ವಿವರಿಸಿದನು. ಮಾಗಡಿ, ಕುಣಿಗಲು, ಬಿಡದಿಗಳ ಮೈಸೂರು ತಳಿಯ ಬಿತ್ತನೆ ಪ್ರದೇಶಗಳು ಇಂದಿಗೂ ಆ ಕ್ರಮವನ್ನೇ ಆಶ್ರಯಿಸಿವೆ.

ಈ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಮುಂದಿನ ಚರ್ಚೆಗೆಲ್ಲ ಅದು ಬೀಜಪ್ರಾಯವಾದುದು. ಮೊಟ್ಟೆಯ ಚಿಪ್ಪಿನ ಮೇಲೆ ರೋಗದ ಕಣ ಅಂಟಿರುವುದು ಬೇರೆ, ಮೊಟ್ಟೆಯ ಒಳಗೆ ತಾಯಿಯಿಂದಲೇ ಅದು ಬಂದಿರುವುದು ಬೇರೆ. ಮೇಲಿನದನ್ನು ಫಾರ್ಮಲಿನ್ ನೀರಿನಲ್ಲಿ ತೊಳೆದು ನಿವಾರಿಸಬಹುದು. ಒಳಗಿನದಕ್ಕೆ ತೊಳೆಯುವುದರಿಂದ ಪ್ರಯೋಜನವಿಲ್ಲ. ಒಳಗಿನದು ಯಾವುದು, ಹೊರಗಿನಿಂದ ಅಂಟಿದುದು ಯಾವುದು ಎಂಬ ಈ ವಿವೇಚನೆಯನ್ನು ಬಿತ್ತನೆಕೋಠಿಯು ಸುಲಭವಾಗಿ ನಡೆಸುತ್ತದೆ. ಏಕೆಂದರೆ ಅಲ್ಲಿ ತಾಯಿಯನ್ನು ಅರೆದುಬಿಡಬಹುದು, ಹುಡುಕಬೇಕಾದ ಜೀವಿಯೂ ಒಂದೇ, ಅದರ ಆಕಾರವೂ ಗೊತ್ತಿರುವುದೇ. ಸ್ತ್ರೀಯ ವಿಷಯದಲ್ಲಿ ಈ ಮೂರರಲ್ಲಿ ಒಂದು ಅನುಕೂಲವೂ ಇಲ್ಲ.

ಬಾಣಂತಿ ಸನ್ನಿ ಎಂದು ನಮ್ಮ ಹಳ್ಳಿಗಳಲ್ಲಿ ಕರೆಯುತ್ತಿದ್ದ ಸೂತಿಕಾಜ್ವರದಿಂದಲೇ ಈ ಶಾಸ್ತ್ರ ಮೊದಲಾಯಿತು. ವಿಯೆನ್ನ ನಗರದ ದೊಡ್ಡ ಆಸ್ಪತ್ರೆಯಲ್ಲಿ ವೈದ್ಯವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದ ಮೊದಲನೆಯ ವಿಭಾಗದಲ್ಲಿ 1846ರಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು ತಾಯಂದಿರು ಸತ್ತರು. ಸೂಲಗಿತ್ತಿಯರ ಶಿಕ್ಷಣ ನಡೆಯುತ್ತಿದ್ದ ಎರಡನೆಯ ವಿಭಾಗದಲ್ಲಿ ಸತ್ತವರು ಮೂರರೊಳಗೆ. ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದ ಕೈಗಳೇ ಈ ವ್ಯತ್ಯಾಸಕ್ಕೆ ಕಾರಣವೆಂದು ತರ್ಕಿಸಿದ ಇಗ್ನಾಜ್ ಸೆಮ್ಮೆಲ್ವೈಸನು 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಿಂದ ಕೈತೊಳೆಯುವ ಕಟ್ಟಳೆಯನ್ನು ಮಾಡಿದನು. 1848ರಲ್ಲಿ ಮೊದಲನೆಯ ವಿಭಾಗದ ಸಾವು ನೂರಕ್ಕೆ ಒಂದೂ ಕಾಲಿನಷ್ಟಕ್ಕೆ ಇಳಿಯಿತು. ಸೆಮ್ಮೆಲ್ವೈಸನು ಒಂದು ಸೂಕ್ಷ್ಮಜೀವಿಯನ್ನೂ ಕಂಡವನಲ್ಲ. ಲೆಕ್ಕದ ಪುಸ್ತಕವೊಂದೇ ಅವನ ಉಪಕರಣ. ಆದರೂ ಹೊರಗಿನದು ಒಳಗೆ ಹೋಗುವ ದಾರಿಯನ್ನು ತೋರಿಸಿದ ಕೀರ್ತಿ ಅವನಿಗೆ ಸಲ್ಲತಕ್ಕದ್ದು.

ಕಣ್ಣಿಗೆ ಕಾಣುವ ಸಾಕ್ಷ್ಯವನ್ನು ಒದಗಿಸಿದವನು ಪಾಶ್ಚರನೇ. 1879ರ ಮಾರ್ಚ್ ತಿಂಗಳಲ್ಲಿ ಪ್ಯಾರಿಸಿನ ವೈದ್ಯಕೀಯ ಅಕಾಡೆಮಿಯಲ್ಲಿ ಸೂತಿಕಾಜ್ವರವನ್ನು ಕುರಿತು ಒಬ್ಬ ವೈದ್ಯನು ಭಾಷಣಮಾಡುತ್ತಿದ್ದಾಗ, ಪಾಶ್ಚರನು ನಡುವೆ ಎದ್ದು, ರೋಗಿಯಿಂದ ಆರೋಗ್ಯವಂತಳಿಗೆ ಜೀವಾಣುವನ್ನು ಹೊತ್ತೊಯ್ಯುವವರು ವೈದ್ಯರು ಮತ್ತು ಅವರ ಸಹಾಯಕರೇ ಎಂದು ಆಕ್ಷೇಪಿಸಿದನು. ಅಂತಹ ಜೀವಾಣು ಎಂದಿಗೂ ಸಿಕ್ಕಲಾರದೆಂದು ಭಾಷಣಕಾರನು ಸಂದೇಹಪಡಲು, ಪಾಶ್ಚರನು ಕಪ್ಪುಹಲಗೆಯ ಬಳಿಗೆ ಹೋಗಿ ಮಣಿಸರದಂತೆ ಪೋಣಿಸಿಕೊಂಡ ದುಂಡನೆಯ ಕಣಗಳ ಚಿತ್ರವನ್ನು ಬರೆದು ತೋರಿಸಿದನು. ಮುಂದೆ ಸ್ಟ್ರೆಪ್ಟೊಕಾಕಸ್ ಎಂದು ಪ್ರಸಿದ್ಧವಾದುದು ಇದೇ. 1933ರಲ್ಲಿ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್ ಇದರ ಗುಂಪುಗಳನ್ನು ವಿಂಗಡಿಸಿದಳು. 1936ರಲ್ಲಿ ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ ಲೆನರ್ಡ್ ಕೋಲ್‌ಬ್ರುಕ್‌ನು ಪ್ರಾಂಟೊಸಿಲ್ ಔಷಧದಿಂದ ಬಾಣಂತಿಯರನ್ನು ಉಳಿಸಿದನು. ಆ ಕಥೆ ಅನ್ಯತ್ರ ಸಾಕಷ್ಟು ಪ್ರಚುರವಾಗಿರುವುದರಿಂದ ಇಲ್ಲಿ ಬೆಳೆಸಬೇಕಾಗಿಲ್ಲ.

ರೋಗಿಯ ಗರ್ಭಾಶಯದಲ್ಲಿ ಜೀವಾಣು ಇರುವುದು ಹೀಗೆ ನಿಶ್ಚಯವಾಯಿತು. ಆರೋಗ್ಯವಂತಳ ಗರ್ಭಾಶಯದಲ್ಲಿ ಏನಿದೆ? ಪ್ರಶ್ನೆ ಸರಳವಾದರೂ ಉತ್ತರ ಕಷ್ಟಸಾಧ್ಯ. ಜರ್ಮನಿಯ ಆಲ್ಬರ್ಟ್ ಡೋಡರ್ಲೈನನು 1887ರಲ್ಲಿ ಆರೋಗ್ಯವಂತರೂ ರೋಗಿಗಳೂ ಆದ ಬಾಣಂತಿಯರ ಗರ್ಭಾಶಯಸ್ರಾವವನ್ನೂ ಯೋನಿಸ್ರಾವವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದನು. ಗರ್ಭಾಶಯದ ದ್ರವವನ್ನು ಸೆಳೆದುಕೊಳ್ಳಲು ಬಳಕೆಗೆ ಬಂದ ಬಾಗಿದ ಗಾಜಿನ ಕೊಳವೆಗೆ ಅವನ ಹೆಸರೇ ನಿಂತಿತು. 1892ರಲ್ಲಿ ಅವನು ಯೋನಿಯಲ್ಲಿ ಸಹಜವಾಗಿ ನೆಲೆಸಿ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವ ಕೋಲಾಕಾರದ ಜೀವಾಣುಗಳನ್ನು ವರ್ಣಿಸಿದನು. ಹಾಲು ಹೆಪ್ಪುಗಟ್ಟಿ ಮೊಸರಾಗುವುದಕ್ಕೆ ಕಾರಣವಾದ ಕುಲಕ್ಕೇ ಹತ್ತಿರದ ಬಂಧುಗಳು ಇವು; ಇವುಗಳ ಹುಳಿಯೇ ಅನ್ಯಜೀವಾಣುಗಳನ್ನು ತಡೆಯುವ ಕಾವಲು. 1900ರಲ್ಲಿ ಶಿಶುಗಳ ಕರುಳಿನ ಜೀವಾಣುಗಳನ್ನು ಅಭ್ಯಸಿಸಿದ ಫ್ರಾನ್ಸಿನ ಆನ್ರಿ ತಿಸಿಯೆಯು ಭ್ರೂಣವು ನಿರ್ಜೀವಾಣುವಾದ ಆವರಣದಲ್ಲಿ ಬೆಳೆಯುತ್ತದೆಂದು ಹೇಳಿದನು. ಗರ್ಭಕಂಠದ ಕೆಳಗೆ ಜೀವಾಣುಗಳ ನಾಡು, ಮೇಲೆ ಜೀವಾಣುರಹಿತವಾದ ಗುಡಿ ಎಂಬ ಈ ಚಿತ್ರವು ಒಂದು ಶತಮಾನದಷ್ಟು ಕಾಲ ಪಠ್ಯಪುಸ್ತಕಗಳಲ್ಲಿ ಪ್ರಶ್ನಾತೀತವಾಗಿ ಉಳಿಯಿತು.

ಈ ಚಿತ್ರವನ್ನು ಪರೀಕ್ಷಿಸುವುದಕ್ಕೆ ಅಡ್ಡಿಯಾದುದು ಅಂಗರಚನೆಯೇ. ಗರ್ಭಾಶಯದ ಒಳಪೊರೆಯನ್ನು ಮುಟ್ಟಬೇಕಾದರೆ ಸಲಾಕೆಯು ಯೋನಿಯನ್ನು ಹಾದು, ಗರ್ಭಕಂಠದ ಲೋಳೆಯನ್ನು ಭೇದಿಸಿ ಹೋಗಬೇಕು. ದಾರಿಯಲ್ಲಿ ಕೋಟಿಗಟ್ಟಲೆ ಜೀವಾಣುಗಳು. ಗುರಿಯಲ್ಲಿ, ಇದ್ದರೆ, ಅತ್ಯಲ್ಪ. ಧೂಳಿನ ದಾರಿಯಲ್ಲಿ ನಡೆದುಬಂದವನು ಒಳಮನೆಯ ನೆಲದ ಮೇಲೆ ಧೂಳನ್ನು ಕಂಡು, ಅದು ಮೊದಲೇ ಇತ್ತೆಂದು ಹೇಳುವುದಕ್ಕೆ ಆಗುತ್ತದೆಯೆ? ಈ ಸಂಶೋಧನೆಯ ಇತಿಹಾಸವೆಂದರೆ ಮುಖ್ಯವಾಗಿ ಈ ದಾರಿಯನ್ನು ತಪ್ಪಿಸುವ ಇಲ್ಲವೆ ಲೆಕ್ಕಕ್ಕೆ ತೆಗೆದುಕೊಳ್ಳುವ ಉಪಾಯಗಳ ಇತಿಹಾಸವೆಂಬುದು ಪ್ರಕೃತ ಲೇಖಕನ ಅಭಿಪ್ರಾಯ.

ಇಂತಹ ಉಪಾಯಗಳಲ್ಲಿ 1966ರ ಒಂದು ಪ್ರಯೋಗವು ವಿಶೇಷವಾಗಿ ಗಮನಾರ್ಹವಾದುದು. ಅದರ ಹಿಂದಿನ ವರ್ಷವೇ ಭಾರತ ಸರ್ಕಾರವು ಕುಟುಂಬಯೋಜನೆಯಲ್ಲಿ ಲಿಪ್ಪಿಸ್ ಲೂಪನ್ನು ರಾಷ್ಟ್ರವ್ಯಾಪಿಯಾಗಿ ಜಾರಿಗೆ ತಂದಿತ್ತು. ಕನ್ನಡ ನಾಡಿನಲ್ಲಿ ವಂಕಿಯೆಂದು ಹೆಸರಾದ ಈ ಪ್ಲಾಸ್ಟಿಕ್ ಸಾಧನವು ಗರ್ಭಾಶಯದಲ್ಲಿ ಸದಾಕಾಲ ಸೋಂಕನ್ನು ಉಳಿಸುತ್ತದೆಯೆ ಎಂಬ ಶಂಕೆ ವೈದ್ಯರನ್ನೂ ಹೆಂಗಸರನ್ನೂ ಸಮಾನವಾಗಿ ಕಾಡುತ್ತಿತ್ತು. ಅಮೆರಿಕದ ಡೇನಿಯಲ್ ಮಿಷೆಲ್ ಮತ್ತು ಅವನ ಸಂಗಡಿಗರು, ಬೇರೆ ಕಾರಣಗಳಿಗಾಗಿ ಗರ್ಭಕೋಶವನ್ನು ತೆಗೆಯಿಸಿಕೊಳ್ಳಬೇಕಾಗಿದ್ದ ಹೆಂಗಸರಿಗೆ ಶಸ್ತ್ರಚಿಕಿತ್ಸೆಗೆ ಮೊದಲು ನಾನಾ ಅವಧಿಗಳಲ್ಲಿ ವಂಕಿಯನ್ನು ಹಾಕಿ, ಗರ್ಭಕೋಶವು ಹೊರಬಂದ ಕೂಡಲೆ ಅದನ್ನು ಕೆಳಗಿನ ದ್ವಾರದಿಂದಲ್ಲದೆ ಮೇಲ್ಭಾಗದಿಂದ ಕೊಯ್ದು ಒಳಪೊರೆಯ ತುಣುಕನ್ನು ತೆಗೆದು ಜೀವಾಣುಗಳನ್ನು ಬೆಳೆಸಿ ನೋಡಿದರು. ವಂಕಿ ಹಾಕಿದ ಮೊದಲ ದಿನದ ಮಾದರಿಗಳಲ್ಲಿ ಜೀವಾಣುಗಳು ಬೆಳೆದವು. ದಿನ ಕಳೆದಂತೆ ಅವು ಕಡಿಮೆಯಾಗಿ, ಒಂದು ತಿಂಗಳ ಮೇಲಿನ ಮಾದರಿಗಳಲ್ಲಿ ಕಾಣದಾದವು. ವಂಕಿಯೊಡನೆ ದಾರಿಯ ಧೂಳು ಒಳಹೊಕ್ಕಿತ್ತು, ಗರ್ಭಾಶಯವು ಅದನ್ನು ತಾನೇ ಗುಡಿಸಿ ಹಾಕಿತು. ಮನೆಗೆ ಹಿತ್ತಿಲ ಬಾಗಿಲಿನಿಂದ ಪ್ರವೇಶಿಸುವ ಈ ಯುಕ್ತಿಯು ಪಾಶ್ಚರನ ಅರೆಯುವ ಪಾತ್ರೆಗೆ ಅತಿ ಸಮೀಪವಾದುದು: ಅಂಗವೇ ದೇಹದಿಂದ ಹೊರಬಂದಾಗ ಮಾತ್ರ ಅದನ್ನು ನಿಶ್ಶಂಕೆಯಾಗಿ ತೆರೆಯಬಹುದು.

ಭಾರತದಲ್ಲಿ ಗರ್ಭಾಶಯದ ಒಳಪೊರೆಯ ಜೀವಾಣು ಎಂದೊಡನೆ ವೈದ್ಯನ ಮನಸ್ಸು ಹೋಗುವುದು ಕ್ಷಯದ ಕಡೆಗೆ. ಶ್ವಾಸಕೋಶದಿಂದ ರಕ್ತದ ಮೂಲಕ ಅಂಡನಾಳಗಳಿಗೆ ಇಳಿದು, ಅಲ್ಲಿಂದ ಗರ್ಭಾಶಯದ ಪೊರೆಗೆ ಹರಡುವ ಈ ಕ್ಷಯಕ್ಕೆ ಕೆಮ್ಮಿಲ್ಲ, ಕಫವಿಲ್ಲ, ಅನೇಕ ವೇಳೆ ಜ್ವರವೂ ಇಲ್ಲ. ಎಷ್ಟೋ ಸಲ ಅದರ ಏಕೈಕ ಲಕ್ಷಣ ಮಕ್ಕಳಾಗದಿರುವುದು. ಆ ಲಕ್ಷಣಕ್ಕೆ ನಮ್ಮ ಸಮಾಜವು ಕೊಟ್ಟಿರುವ ಹೆಸರು ರೋಗದ ಹೆಸರಲ್ಲ, ಹೆಂಗಸಿನ ಮೇಲಿನ ನಿಂದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಆರಂಭವಾಯಿತು. ಕೈಲಾಂಚವನ್ನೂ ಒಳಗೊಂಡಿದ್ದ ಅಂದಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳಿಂದ ಆಯ್ದ 119 ಗ್ರಾಮಗಳಲ್ಲಿ ಆ ಸಂಸ್ಥೆಯು 1961ರಿಂದ 1968ರವರೆಗೆ ನಡೆಸಿದ ಸಮೀಕ್ಷೆಯು ಕ್ಷಯದ ಜಾಗತಿಕ ಸಾಹಿತ್ಯದಲ್ಲಿಯೇ ಗಣ್ಯವಾದ ಸ್ಥಾನವನ್ನು ಪಡೆದಿದೆ. ಟ್ಯುಬರ್‌ಕ್ಯುಲಿನ್ ಚುಚ್ಚುಮದ್ದು, ಎಕ್ಸ್-ರೇ, ಕಫಪರೀಕ್ಷೆ ಇವೇ ಅದರ ಸಾಧನಗಳು. ಎದೆಯ ರೋಗವನ್ನು ಎಣಿಸುವುದಕ್ಕೆ ಅವು ಅತ್ಯಂತ ಸಮರ್ಥವಾದುವು. ಆದರೆ ಹಳ್ಳಿಯ ಚಾವಡಿಯಲ್ಲಿ ಕಫವನ್ನು ಕೇಳಬಹುದು, ಗರ್ಭಾಶಯದ ಪೊರೆಯನ್ನು ಕೇಳಲಾಗದು. ಗರ್ಭಾಶಯದ ಕ್ಷಯವು ಅಂತಹ ಎಣಿಕೆಯ ಹೊರಗೇ ಉಳಿಯುವುದು ಅನಿವಾರ್ಯವಾಗಿತ್ತು.

ಆಸ್ಪತ್ರೆಗೆ ಬಂದ ಹೆಂಗಸಿನಲ್ಲಿ ಅದನ್ನು ಕಂಡುಹಿಡಿಯುವ ಕ್ರಮವಾದರೂ ಹೇಗಿತ್ತು? ಮುಟ್ಟಿಗೆ ಕೆಲವೇ ದಿನ ಮೊದಲು ಒಳಪೊರೆಯನ್ನು ಕೆರೆದು ತೆಗೆಯಬೇಕು. ಪೊರೆಯು ತಿಂಗಳಿಗೊಮ್ಮೆ ಕಳಚಿಹೋಗುವುದರಿಂದ ಕ್ಷಯದ ಗಂಟುಗಳು ಬಲಿಯಲು ಅವಕಾಶ ಸಿಕ್ಕುವುದು ಆ ಹೊತ್ತಿಗೆ ಮಾತ್ರ. ಕೆರೆದ ತುಣುಕಿನ ಒಂದು ಭಾಗವನ್ನು ಅಂಗಾಂಶ ಪರೀಕ್ಷೆಗೂ, ಇನ್ನೊಂದನ್ನು ಲೋವೆನ್‌ಸ್ಟೈನ್–ಜೆನ್ಸನ್ ಮಾಧ್ಯಮದಲ್ಲಿ ಬೆಳೆಸುವುದಕ್ಕೂ ಕಳುಹಿಸುತ್ತಿದ್ದರು. ಮೊಟ್ಟೆಯಿಂದಲೇ ಮಾಡಿದ ಈ ಮಾಧ್ಯಮದಲ್ಲಿ ಕ್ಷಯಾಣುವು ಕಣ್ಣಿಗೆ ಕಾಣುವಷ್ಟು ಬೆಳೆಯಲು ಆರು, ಎಂಟು ವಾರಗಳು ಬೇಕು. ಮೂರನೆಯ ಭಾಗವನ್ನು ಗಿನಿಹಂದಿಗೆ ಚುಚ್ಚಿ, ವಾರಗಳ ತರುವಾಯ ಆ ಪ್ರಾಣಿಯನ್ನು ಕೊಂದು ನೋಡುವುದೂ ಉಂಟು. ಇಷ್ಟಾದರೂ ಪೊರೆಯಲ್ಲಿರುವ ಕ್ಷಯಾಣುಗಳು ಬಹಳ ವಿರಳವಾದುದರಿಂದ ರೋಗವಿದ್ದೂ ಸಿಕ್ಕದೆಹೋಗುವುದು ಸಾಮಾನ್ಯವಾಗಿತ್ತು. ಆದರೆ ಬೆಳೆದು ಸಿಕ್ಕಿದ ಜೀವಾಣುವಿನ ಸಾಕ್ಷ್ಯದಲ್ಲಿ ಸಂದೇಹಕ್ಕೆ ಎಡೆ ಕಡಿಮೆ. ಸತ್ತ ಜೀವಾಣು ಮೊಳೆಯುವುದಿಲ್ಲವಷ್ಟೆ.

ಹಸುಗಳ ವಿಷಯವನ್ನೂ ಪ್ರಾಸಂಗಿಕವಾಗಿ ಹೇಳಬಹುದು. ರೇಷ್ಮೆಯ ಜೊತೆಗೆ ಹೈನನ್ನೂ ನೆಚ್ಚಿದ ಈ ಸೀಮೆಯಲ್ಲಿ ಹಸು ಮತ್ತೆ ಮತ್ತೆ ಬೆದೆಗೆ ಬಂದು ಗಬ್ಬ ನಿಲ್ಲದಿದ್ದರೆ ರೈತನಿಗೆ ಒಂದು ವರ್ಷದ ಹಾಲು ಹೋದಂತೆ. ಪಶುವೈದ್ಯರು ಬಳಸುವ ವೈಟ್‌ಸೈಡ್ ಪರೀಕ್ಷೆಯಲ್ಲಿ ಬೆದೆಯ ಲೋಳೆಯನ್ನು ಕ್ಷಾರದೊಡನೆ ಕಾಯಿಸುತ್ತಾರೆ; ಹಳದಿ ಬಣ್ಣ ಬಂದರೆ ಗರ್ಭಾಶಯದಲ್ಲಿ ಉರಿಯೂತವಿದೆಯೆಂದು ಊಹೆ. ಇಲ್ಲಿ ಜೀವಾಣುವನ್ನು ಯಾರೂ ನೋಡುವುದಿಲ್ಲ, ಅದರ ವಿರುದ್ಧ ಬಂದ ಬಿಳಿರಕ್ತಕಣಗಳ ಸುಳಿವನ್ನಷ್ಟೇ ನೋಡುತ್ತಾರೆ. ಸ್ತ್ರೀಯರ ದೀರ್ಘಕಾಲದ ಒಳಪೊರೆಯ ಉರಿಯೂತವನ್ನು ಪ್ಲಾಸ್ಮ ಕೋಶಗಳಿಂದ ಗುರುತಿಸುವ ಕ್ರಮವೂ ಇದೇ ಜಾತಿಯದು, ಸಿ.ಡಿ. 138 ಎಂಬ ಗುರುತಿಗೆ ಬಣ್ಣ ಹಾಕುವ ವಿಧಾನವು ಅದನ್ನು ಸುಲಭಗೊಳಿಸಿತು. ಮಾದರಿಯನ್ನು ತೆಗೆಯುವ ಕೆಲಸವೂ 1984ರಲ್ಲಿ ಕಾರ್ನಿಯೆ ವರ್ಣಿಸಿದ ಪೈಪೆಲ್ ಎಂಬ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಯಿಂದ ಹಗುರವಾಯಿತು. ದಾರಿ ಮಾತ್ರ ಹಿಂದಿನದೇ.

1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೊಸೋಮಿನ 16ಎಸ್ ಆರ್.ಎನ್.ಎ. ಆಧಾರದಿಂದ ಜೀವಾಣುಗಳ ವಂಶಾವಳಿಯನ್ನು ಕಟ್ಟಬಹುದೆಂದು ತೋರಿಸಿದರು. 1983ರಲ್ಲಿ ಕ್ಯಾರಿ ಮುಲ್ಲಿಸನು ಡಿ.ಎನ್.ಎ. ತುಣುಕನ್ನು ಇಮ್ಮಡಿ ಇಮ್ಮಡಿಯಾಗಿ ಹೆಚ್ಚಿಸುವ ಪಿ.ಸಿ.ಆರ್. ವಿಧಾನವನ್ನು ಕಲ್ಪಿಸಿದನು. ಬೆಳೆಸಲು ಬಾರದ ಜೀವಾಣುಗಳನ್ನೂ ಇನ್ನುಮುಂದೆ ಅವುಗಳ ಡಿ.ಎನ್.ಎ.ಯಿಂದಲೇ ಗುರುತಿಸುವುದು ಸಾಧ್ಯವಾಯಿತು. 2015ರಲ್ಲಿ ಅಮೆರಿಕದ ಕೆರೊಲಿನ್ ಮಿಚೆಲ್ ಮೊದಲಾದವರು ಗರ್ಭಕೋಶ ತೆಗೆಸಿಕೊಂಡ 58 ಮಂದಿಯನ್ನು ಪರೀಕ್ಷಿಸಿ, ನೂರಕ್ಕೆ 95ರಷ್ಟು ಮಂದಿಯ ಮೇಲಣ ಜನನಾಂಗದಲ್ಲಿ ಒಂದಲ್ಲ ಒಂದು ಜೀವಾಣುವಿನ ಡಿ.ಎನ್.ಎ. ಇದೆಯೆಂದೂ, ಆದರೆ ಅದರ ಮೊತ್ತ ಯೋನಿಯಲ್ಲಿರುವುದರ ನೂರರಲ್ಲೊಂದರಿಂದ ಹತ್ತುಸಾವಿರದಲ್ಲೊಂದು ಪಾಲು ಮಾತ್ರವೆಂದೂ ವರದಿಮಾಡಿದರು. 2016ರಲ್ಲಿ ಸ್ಪೇನಿನ ಇನ್ಮಾಕುಲಾಡ ಮೊರೆನೊ ಮತ್ತು ಸಂಗಡಿಗರು ಪ್ರನಾಳ ಶಿಶು ಚಿಕಿತ್ಸೆಗೆ ಬಂದ 35 ಮಂದಿಯ ಗರ್ಭಾಶಯದ ದ್ರವವನ್ನು ಗರ್ಭಕಂಠದ ಮೂಲಕ ಸೆಳೆದು, ಲ್ಯಾಕ್ಟೊಬ್ಯಾಸಿಲಸ್ ಪಾಲು ನೂರಕ್ಕೆ 90ಕ್ಕಿಂತ ಕಡಿಮೆಯಿದ್ದವರಲ್ಲಿ ಗರ್ಭ ನಿಲ್ಲುವುದು ಕಡಿಮೆಯೆಂದು ಹೇಳಿದರು. 2017ರಲ್ಲಿ ಚೀನಾದಲ್ಲಿ 110 ಮಂದಿಯಿಂದ ಯೋನಿಯಿಂದ ಹಿಡಿದು ಹೊಟ್ಟೆಯ ಒಳದ್ರವದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಮಾದರಿ ತೆಗೆದ ಅಧ್ಯಯನವೂ ಪ್ರಕಟವಾಯಿತು. ಮೇಲೇರಿದಂತೆ ಲ್ಯಾಕ್ಟೊಬ್ಯಾಸಿಲಸ್ ಪಾಲು ಇಳಿಯಿತೆಂದು ಅದರ ನಿಷ್ಕರ್ಷೆ. ತಿಸಿಯೆಯ ಗುಡಿಯ ಗೋಡೆ ಬಿದ್ದಿತೆಂದು ಅನೇಕರು ತೀರ್ಮಾನಿಸಿದರು.

ಈ ತೀರ್ಮಾನದ ಅವಸರವನ್ನು ತಡೆದವು ಖಾಲಿ ಕೊಳವೆಗಳು. 2014ರಲ್ಲಿ ಸೂಸನ್ನಾ ಸಾಲ್ಟರ್ ಮತ್ತು ಸಂಗಡಿಗರು, ಡಿ.ಎನ್.ಎ. ಬೇರ್ಪಡಿಸುವ ರಾಸಾಯನಿಕಗಳಲ್ಲಿಯೇ ಮಣ್ಣಿನ ಹಾಗೂ ನೀರಿನ ಜೀವಾಣುಗಳ ಡಿ.ಎನ್.ಎ. ಬೆರೆತಿರುತ್ತದೆಂದು ತೋರಿಸಿದ್ದರು. ಮಾದರಿಯಲ್ಲಿ ಜೀವಾಣುಗಳು ಹೇರಳವಾಗಿದ್ದರೆ ಈ ಕಲಬೆರಕೆ ಗಣನೆಗೆ ಬಾರದು. ಮಾದರಿಯು ವಿರಳವಾದಷ್ಟೂ ಕಲಬೆರಕೆಯೇ ದೊಡ್ಡದಾಗಿ, ಸಂಶೋಧಕನು ಗರ್ಭಾಶಯವನ್ನು ಓದುತ್ತಿದ್ದೇನೆಂದು ತಿಳಿದು ತನ್ನ ಸೀಸೆಯನ್ನೇ ಓದುತ್ತಾನೆ. 2019ರಲ್ಲಿ ಕೇಂಬ್ರಿಜ್‌ನಿಂದ ಪ್ರಕಟವಾದ ಅಧ್ಯಯನವು 500ಕ್ಕಿಂತ ಹೆಚ್ಚು ಹೆರಿಗೆಗಳ ಮಾಸನ್ನು ಪರೀಕ್ಷಿಸಿತು. ಸಂಶೋಧಕರು ತಮ್ಮ ವಿಧಾನದ ಸೂಕ್ಷ್ಮತೆಯನ್ನು ಅಳೆಯಲೆಂದು ಅಪರೂಪದ ಒಂದು ಜೀವಾಣುವನ್ನು ಗೊತ್ತಾದ ಮೊತ್ತದಲ್ಲಿ ತಾವೇ ಬೆರೆಸಿ, ಎರಡು ಬೇರೆಬೇರೆ ವಿಧಾನಗಳಿಂದ ತಾಳೆ ನೋಡಿದರು. ಕಲಬೆರಕೆಯನ್ನೂ ಹೆರಿಗೆಯ ಕಾಲದಲ್ಲಿ ಅಂಟಿದುದನ್ನೂ ಕಳೆದ ಮೇಲೆ ಮಾಸಿನಲ್ಲಿ ನಿಜವಾಗಿ ಉಳಿದುದು ನೂರಕ್ಕೆ ಸುಮಾರು 5ರಲ್ಲಿ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಒಂದೇ. ಪಾಶ್ಚರನು ಹಲಗೆಯ ಮೇಲೆ ಬರೆದ ಮಣಿಸರದ ದಾಯಾದಿ ಅದು.

ಅದೇ ವರ್ಷ ಒಳಪೊರೆಯನ್ನೇ ಕುರಿತು ಆಂಡ್ರ್ಯೂ ವಿಂಟರ್ಸ್ ಮೊದಲಾದವರು ಪ್ರಕಟಿಸಿದ ಕೆಲಸದಲ್ಲಿ ಮಿಷೆಲನ ಹಿತ್ತಿಲ ಬಾಗಿಲು ಮರಳಿ ಕಾಣಿಸಿಕೊಳ್ಳುತ್ತದೆ. ಗರ್ಭಕೋಶ ತೆಗೆಸಿಕೊಂಡ 25 ಮಂದಿಯ ಒಳಪೊರೆಯ ನಡುಭಾಗದಿಂದ ಮಾದರಿ ತೆಗೆದು, ಖಾಲಿ ಕೊಳವೆಗಳನ್ನೂ ಜೊತೆಗಿಟ್ಟು ನೋಡಿದಾಗ, 15 ಮಂದಿಯಲ್ಲಿ ಮಾತ್ರ ಖಾಲಿ ಕೊಳವೆಗಿಂತ ಭಿನ್ನವಾದ ಜೀವಾಣುಸಂಕೇತ ಕಂಡಿತು. ಆ ಸಂಕೇತದಲ್ಲಿಯೂ ಲ್ಯಾಕ್ಟೊಬ್ಯಾಸಿಲಸ್ ಪ್ರಧಾನವಾಗಿರಲಿಲ್ಲ. ಗರ್ಭಕಂಠದ ಮೂಲಕ ತೆಗೆದಾಗ ಲ್ಯಾಕ್ಟೊಬ್ಯಾಸಿಲಸ್ ಹೇರಳ, ಮೇಲಿನಿಂದ ತೆಗೆದಾಗ ವಿರಳ ಎಂಬಲ್ಲಿ, ಮೊದಲಿನ ಫಲಿತಾಂಶಗಳಲ್ಲಿ ದಾರಿಯ ಪಾಲು ಎಷ್ಟಿತ್ತೆಂಬ ಪ್ರಶ್ನೆ ಏಳುವುದು ಸಹಜ.

ಇದು ಪ್ರಯೋಗಶಾಲೆಯವರ ಒಳಜಗಳವೆಂದು ವಾಚಕರು ಭಾವಿಸಬಾರದು. ಕ್ಷಯಾಣುವಿನ ಡಿ.ಎನ್.ಎ.ಯನ್ನು ಒಳಪೊರೆಯಲ್ಲಿ ಹುಡುಕುವ ಪಿ.ಸಿ.ಆರ್. ಪರೀಕ್ಷೆಯು ನಮ್ಮ ದೇಶದ ಬಂಜೆತನ ಚಿಕಿತ್ಸಾಲಯಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಸತ್ತ ಜೀವಾಣುವಿನ ಡಿ.ಎನ್.ಎ.ಯನ್ನೂ, ಪ್ರಯೋಗಶಾಲೆಯ ಕಲಬೆರಕೆಯನ್ನೂ ಜೀವಂತ ರೋಗವನ್ನೂ ಅದು ಒಂದೇ ರೀತಿಯಾಗಿ ‘ಇದೆ’ ಎಂದು ವರದಿಮಾಡಬಲ್ಲುದು. ಆ ಒಂದು ಪದದ ಆಧಾರದ ಮೇಲೆ, ಅಂಗಾಂಶದಲ್ಲಿ ಗಂಟಿಲ್ಲದೆ, ಮಾಧ್ಯಮದಲ್ಲಿ ಬೆಳೆಯಿಲ್ಲದೆ, ಆರೋಗ್ಯವಂತಳಾದ ಹೆಂಗಸೊಬ್ಬಳು ಯಕೃತ್ತಿಗೆ ಹಾನಿಮಾಡಬಲ್ಲ ಔಷಧಗಳನ್ನು ಆರು ತಿಂಗಳು ನುಂಗಬೇಕಾಗಬಹುದು; ವಯಸ್ಸು ಎಣಿಕೆಯಾಗುತ್ತಿರುವಾಗ ಆ ಆರು ತಿಂಗಳೂ ಅವಳಿಗೆ ಸಣ್ಣದಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ನಿಜವಾದ ರೋಗವನ್ನು ಕಲಬೆರಕೆಯೆಂದು ತಳ್ಳಿಹಾಕಿದರೆ ಅಂಡನಾಳಗಳು ಶಾಶ್ವತವಾಗಿ ಮುಚ್ಚಿಹೋಗುವ ಅಪಾಯವಿದೆ. ಬಿತ್ತನೆಕೋಠಿಯಲ್ಲಿ ಸಂದೇಹ ಬಂದರೆ ಮೊಟ್ಟೆಯನ್ನು ಸುಡುವುದೇ ಕ್ಷೇಮ. ಇಲ್ಲಿ ಆ ನ್ಯಾಯ ನಡೆಯುವುದಿಲ್ಲ.

ವಿಧಾನದ ಒಂದು ತೊಡಕು ಇನ್ನೂ ಬಿಡಿಸದೆ ಉಳಿದಿದೆ. ಗರ್ಭಕೋಶವನ್ನು ಮೇಲಿನಿಂದ ಶುದ್ಧವಾಗಿ ತೆರೆಯಲು ಸಿಕ್ಕುವವರು ಬಹುಮಟ್ಟಿಗೆ ನಲವತ್ತು ದಾಟಿದವರು, ಗರ್ಭಾಶಯದ ಗೆಡ್ಡೆ ಅಥವಾ ಅತಿಸ್ರಾವದಿಂದ ನರಳಿದವರು. ಪ್ರಶ್ನೆ ಇರುವುದಾದರೂ ಮಗು ಬೇಕೆಂದು ಬಂದ ಇಪ್ಪತ್ತೈದರ ಹೆಂಗಸಿನ ವಿಷಯದಲ್ಲಿ. ಅವಳಿಂದ ಮಾದರಿಯನ್ನು ಗರ್ಭಕಂಠದ ದಾರಿಯಿಂದಲೇ ತರಬೇಕು. ಆದುದರಿಂದ ಈಚಿನ ಎಚ್ಚರಿಕೆಯ ಸಂಶೋಧಕರು ಹೊರಕವಚವುಳ್ಳ ಜೋಡುಕೊಳವೆಯನ್ನು ಬಳಸಿ, ಒಳಕೊಳವೆಯನ್ನು ಗರ್ಭಾಶಯ ಸೇರಿದ ಮೇಲೆಯೇ ಹೊರಚಾಚುತ್ತಾರೆ. ಅದೇ ಹೊತ್ತಿನಲ್ಲಿ ಯೋನಿಯಿಂದಲೂ ಗರ್ಭಕಂಠದಿಂದಲೂ ಬೇರೆ ಮಾದರಿಗಳನ್ನು ತೆಗೆದು, ಕೋಣೆಯ ಗಾಳಿಗೆ ಹಿಡಿದ ಒಂದು ಕಡ್ಡಿಯನ್ನೂ, ಏನನ್ನೂ ಹಾಕದ ಒಂದು ಸೀಸೆಯನ್ನೂ ಒಟ್ಟಿಗೆ ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಋತುಚಕ್ರದ ದಿನವನ್ನೂ ಬರೆದಿಡುತ್ತಾರೆ. ಖಾಲಿ ಸೀಸೆಯ ಫಲಿತಾಂಶವನ್ನು ಮೊದಲು ಓದಿ, ಆಮೇಲೆ ಹೆಂಗಸಿನ ಮಾದರಿಯ ಫಲಿತಾಂಶವನ್ನು ಓದುತ್ತಾರೆ.